ಮೊದಲನೇ ಅಣ್ಣ ಅಂದ್ರೆ ಯಾರು?

ನನಗೆ ಮೂವರು ಅಣ್ಣಂದಿರು. "ನಿಮ್ಮ ಮೊದಲನೇ ಅಣ್ಣ ಯಾರು?" ಅಂತ ಕೇಳಿದರೆ ದೊಡ್ಡಣ್ಣನ ಹೆಸರು ಹೇಳ್ತೀನಿ. ಎಕ್ಸ್‌ಪಾಥ್ ಹಾಗಲ್ಲ, ಅದು ಚಿಕ್ಕಣ್ಣನನ್ನು ತೋರಿಸುತ್ತೆ! ಇದು ಗೊತ್ತಿಲ್ಲದೆ ನಾನೊಮ್ಮೆ ಮಾಡಿದ ಎಡವಟ್ಟನ್ನು ಆಮೇಲೆ ಹೇಳ್ತೀನಿ.

ಇಂಗ್ಲಿಷಿನ ಸಿಬ್ಲಿಂಗ್ ಅನ್ನೋ ಪದಕ್ಕೆ ಹಿರಿಯ-ಕಿರಿಯ ಭೇದವಿಲ್ಲ. ನಮ್ಮಲ್ಲಿ ಅಣ್ಣ-ತಮ್ಮ, ಅಕ್ಕ-ತಂಗಿ ಅಂತ ಹುಟ್ಟಿದ ಕ್ರಮವೇ ಪದದೊಳಗೆ ಕೂತಿದೆ. ಎಕ್ಸ್‌ಎಂಎಲ್‌ಗೂ ಬೇಕಾದ್ದು ಅದೇ. ಒಂದೇ ತಾಯಿ-ಎಲಿಮೆಂಟಿನ ಮಕ್ಕಳಲ್ಲಿ ನನಗಿಂತ ಮುಂಚೆ ಬಂದವರು ಪ್ರಿಸೀಡಿಂಗ್-ಸಿಬ್ಲಿಂಗ್, ಆಮೇಲೆ ಬಂದವರು ಫಾಲೋಯಿಂಗ್-ಸಿಬ್ಲಿಂಗ್.

ಈ ನೆಂಟಸ್ತಿಕೆ ಶುರುವಾಗಿದ್ದು ಕಂಪ್ಯೂಟರ್ ಕಂಪನಿಗಳಲ್ಲಲ್ಲ, ಸಾಹಿತ್ಯ-ಭಾಷೆಗಳ ವಿದ್ವಾಂಸರ ನಡುವೆ. ಹಳೆಯ ಗ್ರಂಥಗಳನ್ನು ಎಸ್‌ಜಿಎಂಎಲ್‌ನಲ್ಲಿ ಗುರುತು ಮಾಡಿಡಲು ಹೊರಟ ಟೆಕ್ಸ್ಟ್ ಎನ್‌ಕೋಡಿಂಗ್ ಇನಿಶಿಯೇಟಿವ್, 1994ರ ತನ್ನ ಪಿ3 ಮಾರ್ಗಸೂಚಿಯಲ್ಲಿ ಚೈಲ್ಡ್, ಆನ್ಸೆಸ್ಟರ್, ಪ್ರೀವಿಯಸ್, ನೆಕ್ಸ್ಟ್ ಅನ್ನೋ ಪದಗಳಿಂದ ಗ್ರಂಥದ ಯಾವುದೇ ಮೂಲೆಗೆ ಕೈ ತೋರಿಸುವ ವಿಧಾನ ಕೊಟ್ಟಿತ್ತು. ಎಕ್ಸ್‌ಎಂಎಲ್ 1.0 ಬಂದದ್ದು 1998ರ ಫೆಬ್ರವರಿ 10ರಂದು. (ಅಂದ ಹಾಗೆ, ಅದರಲ್ಲಿ ಎಲಿಮೆಂಟಿನ ಹೆಸರನ್ನು ಕನ್ನಡದಲ್ಲೇ ಇಡಬಹುದು, ಅವತ್ತಿನಿಂದಲೇ! ಎಷ್ಟು ಜನ ಇಟ್ಟಿದ್ದೀವಿ ಅಂತ ಮಾತ್ರ ಕೇಳಬೇಡಿ :) ಅದೇ ವರ್ಷದ ಎಕ್ಸ್‌ಪಾಯಿಂಟರ್ ಕರಡಿನಲ್ಲಿ ಅಣ್ಣ-ತಮ್ಮಂದಿರು ಪಿಸಿಬ್ಲಿಂಗ್, ಎಫ್‌ಸಿಬ್ಲಿಂಗ್ ಆದರು. ಇತ್ತ ಎಕ್ಸ್‌ಎಸ್‌ಎಲ್‌ಟಿ ಬರೆಯುತ್ತಿದ್ದವರೂ ಮರ ಹತ್ತಿ ಇಳಿಯಲು ತಮ್ಮದೇ ಬೇರೆ ಭಾಷೆ ಕಟ್ಟುತ್ತಿದ್ದರು. ಒಂದೇ ಕೆಲಸಕ್ಕೆ ಎರಡು ಭಾಷೆ ಯಾಕೆ ಅಂತ ಎರಡನ್ನೂ ಸೇರಿಸಿದಾಗ ಹುಟ್ಟಿದ್ದೇ ಎಕ್ಸ್‌ಪಾಥ್ 1.0, 1999ರ ನವೆಂಬರ್ 16ರಂದು. ಸಂಪಾದಕರು ಜೇಮ್ಸ್ ಕ್ಲಾರ್ಕ್ ಮತ್ತು ಸ್ಟೀವ್ ಡಿರೋಸ್. ಒಟ್ಟು 13 ದಿಕ್ಕುಗಳು, ಅದರಲ್ಲಿ ಎರಡು ಒಡಹುಟ್ಟಿದವರದ್ದು.

ಎಣಿಕೆಯ ಕಿತಾಪತಿ ಇರೋದು ಇಲ್ಲೇ. ಹಿಂದಕ್ಕೆ ನೋಡುವ ದಿಕ್ಕುಗಳಲ್ಲಿ ಎಕ್ಸ್‌ಪಾಥ್ ಹತ್ತಿರದವರಿಂದ ಎಣಿಸುತ್ತೆ. ಆನ್ಸೆಸ್ಟರ್‌ಗೆ [1] ಹಾಕಿದರೆ ಮೂಲಪುರುಷ ಅಲ್ಲ, ಹೆತ್ತವರೇ ಸಿಗೋದು. ಪ್ರಿಸೀಡಿಂಗ್-ಸಿಬ್ಲಿಂಗ್‌ಗೆ [1] ಹಾಕಿದರೆ ಪಕ್ಕದ ಅಣ್ಣ. ಆದರೆ ಅದನ್ನೇ ಆವರಣದೊಳಗಿಟ್ಟು ಹೊರಗೆ [1] ಹಾಕಿದಿರೋ, ಎಣಿಕೆ ದಾಖಲೆಯ ಮೇಲಿನಿಂದ ಶುರು, ಸಿಗೋದು ದೊಡ್ಡಣ್ಣ.

ನಮ್ಮ ಸಂಬಳದ ಫೈಲಿನಲ್ಲಿ ಒಂದು ಹೆಸರು, ಅದರ ಕೆಳಗೆ ಆ ಮನುಷ್ಯನ ಓವರ್‌ಟೈಮ್ ಸಾಲುಗಳು, ಮತ್ತೆ ಇನ್ನೊಂದು ಹೆಸರು, ಹೀಗೆ ಎಲ್ಲಾ ಒಂದೇ ಮಟ್ಟದಲ್ಲಿ. ಪ್ರತಿ ಸಾಲಿಗೂ ಹಿಂದಿನ ಹೆಸರು ಹುಡುಕಬೇಕಿತ್ತು. ನೋಡೋಕೆ ಚೆನ್ನಾಗಿರಲಿ ಅಂತ ನಾನು ಎರಡು ಆವರಣ ಸೇರಿಸಿದೆ. ಇಡೀ ಶಿಫ್ಟಿನ ಓವರ್‌ಟೈಮೆಲ್ಲ ಪಟ್ಟಿಯ ಮೊದಲನೇ ಹೆಸರಿಗೆ ಹೋಯಿತು! ಪರೀಕ್ಷೆಗೆ ಇಟ್ಟುಕೊಂಡಿದ್ದ ಫೈಲಿನಲ್ಲಿ ಇದ್ದದ್ದು ಒಬ್ಬನೇ ಮನುಷ್ಯ, ಹಾಗಾಗಿ ಎಲ್ಲಾ ಸರಿ ಕಂಡಿತ್ತು. ದೀಪಾವಳಿ ತಿಂಗಳು ಬೇರೆ. ರಾತ್ರಿ ಪಾಳಿ ಮಾಡಿದ್ದ ಹಿರಿಯರೊಬ್ಬರು ಚೀಟಿ ಹಿಡಿದು ಬಂದು, "ಸಾರ್, ನನ್ನ ಹೆಸರೇ ಇಲ್ವಲ್ಲಾ" ಅಂದಾಗ ಮುಖ ಎಲ್ಲಿಡಲಿ ಹೇಳಿ.

ಇನ್ನೊಂದು ತೊಂದರೆ ವೇಗದ್ದು. ಎಕ್ಸ್‌ಎಸ್‌ಎಲ್‌ಟಿ 1.0ರಲ್ಲಿ ಗುಂಪು ಮಾಡುವ ಸೌಲಭ್ಯ ಇರಲಿಲ್ಲ. "ನನ್ನಂಥ ಅಣ್ಣ ಮುಂಚೆ ಬಂದಿದ್ದಾನಾ?" ಅಂತ ಪ್ರತಿಯೊಬ್ಬನೂ ಹಿಂದೆ ತಿರುಗಿ ನೋಡಬೇಕು. 1000 ಸಾಲಿದ್ದರೆ ಹೆಚ್ಚೆಂದರೆ 4,99,500 ಹೋಲಿಕೆ. ಆರಕಲ್‌ನ ಸ್ಟೀವ್ ಮ್ಯೂಂಚ್ ಕೀಲಿ ಬಳಸಿ ಇದನ್ನು ತಪ್ಪಿಸುವ ಉಪಾಯ ಹುಡುಕಿದರು, ಅದು ಮ್ಯೂಂಚಿಯನ್ ವಿಧಾನ ಅಂತಲೇ ಹೆಸರಾಯಿತು. ಗುಂಪು ಮಾಡಲು ನೇರ ಸೂಚನೆ ಬಂದದ್ದು 2007ರ 2.0 ಆವೃತ್ತಿಯಲ್ಲಿ.

ಅದೇ 2007ರ ಎಕ್ಸ್‌ಕ್ವೆರಿ 1.0 ಈ ಎರಡೂ ದಿಕ್ಕುಗಳನ್ನು ಐಚ್ಛಿಕ ಪಟ್ಟಿಗೆ ಸೇರಿಸಿಬಿಟ್ಟಿತು. ಎಸ್‌ಕ್ಯೂಎಲ್ ಸರ್ವರ್ 2005 ಎಕ್ಸ್‌ಎಂಎಲ್ ಅನ್ನು ಒಳಗೆ ಬಿಟ್ಟುಕೊಂಡಾಗಲೂ ಅಣ್ಣ-ತಮ್ಮಂದಿರನ್ನು ಹೊರಗೇ ನಿಲ್ಲಿಸಿತ್ತು. ಅಲ್ಲಿ ಒಂದು ಬಳಸುದಾರಿ: ಮೊದಲು ಹೆತ್ತವರ ಹತ್ತಿರ ಹೋಗಿ, "ನಿಮ್ಮ ಮಕ್ಕಳಲ್ಲಿ ನನಗಿಂತ ಮುಂಚೆ ಹುಟ್ಟಿದವರು ಯಾರ್‍ಯಾರು?" ಅಂತ << ಚಿಹ್ನೆ ಹಿಡಿದು ಕೇಳಬೇಕು.