ಪಾಪದ ಹೊಣೆ ಯಾರದು? — ಪೆಲಾಜಿಯಸ್ ಮತ್ತು ಆಗಸ್ಟೀನರ ವಿವಾದ

ಕ್ರಿ. ಶ. 410ರ ಆಗಸ್ಟ್ ತಿಂಗಳಲ್ಲಿ ಅಲರಿಕನ ಗಾಥ್ ಸೈನ್ಯವು ರೋಮ್ ನಗರವನ್ನು ಸೂರೆಗೊಂಡಿತು. ಆ ಹಾವಳಿಯ ಕಾಲದಲ್ಲಿ ಸಮುದ್ರ ದಾಟಿ ಆಫ್ರಿಕದ ತೀರವನ್ನು ಸೇರಿದವರಲ್ಲಿ ಪೆಲಾಜಿಯಸ್ ಎಂಬ ವಿರಕ್ತನೂ ಅವನ ಅನುಯಾಯಿಯಾದ ಕೆಲೆಸ್ತಿಯಸನೂ ಇದ್ದರು. ಪೆಲಾಜಿಯಸ್ ಬ್ರಿಟನ್ನಿನಿಂದ ಬಂದವನು. ರೋಮಿನಲ್ಲಿ ಬಹುಕಾಲ ನಿಂತು ಅಲ್ಲಿಯ ಕುಲೀನರಿಗೆ ಸದಾಚಾರವನ್ನು ಬೋಧಿಸುತ್ತಿದ್ದವನು. ಆಫ್ರಿಕದಲ್ಲಿ ಹೆಚ್ಚು ದಿನ ಇರದೆ ಅವನು ಪ್ಯಾಲೆಸ್ಟೈನಿಗೆ ಹೊರಟುಹೋದನು. ಆದರೆ ಅವರಿಬ್ಬರೂ ತಂದ ಪ್ರಶ್ನೆ ಅಲ್ಲಿಯೇ ಉಳಿಯಿತು. ಮನುಷ್ಯನು ಪಾಪ ಮಾಡದೆ ಇರಬಲ್ಲನೆ? ಇರಲಾರನಾದರೆ ಅವನನ್ನು ದಂಡಿಸುವುದು ನ್ಯಾಯವೆ?

ಪೆಲಾಜಿಯಸನನ್ನು ಅಹಂಕಾರದ ಪ್ರವರ್ತಕನೆಂದು ಚಿತ್ರಿಸುವ ರೂಢಿ ಬಹುಕಾಲ ನಡೆದುಬಂದಿತು. ಅದು ಸರಿಯಲ್ಲ. ಅವನಿಗೆ ಸಹಿಸಲಾಗದೆ ಇದ್ದುದು ನೆಪ. ಕ್ರೈಸ್ತಧರ್ಮವು ರಾಜಾಶ್ರಯವನ್ನು ಪಡೆದ ಮೇಲೆ ಹೆಸರಿಗೆ ದೀಕ್ಷೆ ಪಡೆದು ನಡತೆಯಲ್ಲಿ ಹಿಂದಿನಂತೆಯೇ ಇದ್ದವರು ಹಲವರು. ಕೇಳಿದರೆ ದೇಹದೌರ್ಬಲ್ಯವೆಂಬ ಉತ್ತರ ಸಿದ್ಧವಾಗಿತ್ತು. ದೇವರು ಅಸಾಧ್ಯವಾದುದನ್ನು ಆಜ್ಞಾಪಿಸುವುದಿಲ್ಲ. ಆಜ್ಞೆಯಿದ್ದಲ್ಲಿ ಪಾಲಿಸುವ ಶಕ್ತಿಯೂ ಇದ್ದೇ ಇರುತ್ತದೆ—ಇದು ಪೆಲಾಜಿಯಸನ ವಾದದ ತಿರುಳು. ಅನಿಸಿ ವಂಶದ ಕನ್ಯೆ ದೆಮೆತ್ರಿಯಾಸ್ ವಿವಾಹವನ್ನು ತೊರೆದು ವ್ರತ ಕೈಕೊಂಡಾಗ, 413ರ ಸುಮಾರಿನಲ್ಲಿ, ಅವಳಿಗೆ ಬರೆದ ದೀರ್ಘಪತ್ರವನ್ನು ಅವನು ಆರಂಭಿಸುವುದೇ ಮಾನವಸ್ವಭಾವದ ಶಕ್ತಿಯನ್ನು ತೋರಿಸಿಕೊಡುವುದರಿಂದ. ಆಗಸ್ಟೀನನ ಆತ್ಮಚರಿತೆಯಲ್ಲಿ ಒಂದು ಪ್ರಾರ್ಥನೆಯಿದೆ: ದೇವರು ಏನನ್ನು ಆಜ್ಞಾಪಿಸುವನೋ ಅದನ್ನು ನೆರವೇರಿಸುವ ಬಲವನ್ನೂ ಅವನೇ ಕೊಡಬೇಕೆಂಬುದು ಅದರ ಆಶಯ. ರೋಮಿನಲ್ಲಿ ಒಬ್ಬ ಬಿಷಪನು ಇದನ್ನು ಉದ್ಧರಿಸಿದಾಗ ಪೆಲಾಜಿಯಸ್ ಕೆರಳಿ ಜಗಳಕ್ಕೇ ನಿಂತನೆಂದು ಆಗಸ್ಟೀನನು ಮುಂದೆ ಬರೆದಿದ್ದಾನೆ.

ಉತ್ತರ ಆಫ್ರಿಕದ ಥಗಸ್ತೆಯಲ್ಲಿ 354ರಲ್ಲಿ ಹುಟ್ಟಿ ಹಿಪ್ಪೊ ನಗರದ ಬಿಷಪನಾಗಿದ್ದ ಆಗಸ್ಟೀನನೂ ಒಂದು ಕಾಲಕ್ಕೆ ಇಚ್ಛಾಸ್ವಾತಂತ್ರ್ಯದ ವಕೀಲನೇ. ಕೆಡುಕಿಗೆ ಬೇರೊಂದು ಅನಾದಿತತ್ತ್ವವನ್ನು ಕಲ್ಪಿಸುವ ಮಾನಿಯ ಮತದಲ್ಲಿ ಸುಮಾರು ಒಂಬತ್ತು ವರ್ಷ ಇದ್ದು ಹೊರಬಂದವನು ಅವನು. ಆ ಮತವನ್ನು ಖಂಡಿಸಲು, 388ರಲ್ಲಿ ತೊಡಗಿ 395ರ ಹೊತ್ತಿಗೆ ಮುಗಿಸಿದ ಗ್ರಂಥದಲ್ಲಿ, ಪಾಪದ ಮೂಲವು ಮನುಷ್ಯನ ಇಚ್ಛೆಯೇ ಎಂದು ಸಾಧಿಸಿದ್ದನು. ಪೆಲಾಜಿಯಸ್ ತನ್ನ ಪಕ್ಷಕ್ಕೆ ಆ ಗ್ರಂಥವನ್ನೇ ಸಾಕ್ಷಿಯಾಗಿ ಕರೆದನು! ಮುಪ್ಪಿನಲ್ಲಿ ತನ್ನ ಬರಹಗಳನ್ನೆಲ್ಲ ಮರುಪರಿಶೀಲಿಸುವಾಗ ಆಗಸ್ಟೀನನು ಇದಕ್ಕೆ ಸಮಾಧಾನ ಹೇಳಬೇಕಾಯಿತು. ಇಚ್ಛೆಯಿದೆ, ಆದರೆ ಅದು ಸ್ವಸ್ಥವಾಗಿಲ್ಲ ಎಂಬುದು ಅವನ ಕೊನೆಯ ಮತ. ಬಿಡಬೇಕೆಂದು ಮನಸಾರೆ ಬಯಸಿಯೂ ಚಟವನ್ನು ಬಿಡಲಾರದವನಿಗೆ, ನಿನ್ನಲ್ಲಿ ಶಕ್ತಿಯಿದೆ ಎಂದು ಹೇಳುವುದರಿಂದ ಆಗುವ ಲಾಭವೇನು? ಈ ಭಾಗದಲ್ಲಿ ಆಗಸ್ಟೀನನ ಮನುಷ್ಯಜ್ಞಾನವು ಪೆಲಾಜಿಯಸನದಕ್ಕಿಂತ ಆಳವಾದುದೆಂದು ಒಪ್ಪಲೇಬೇಕು. ಪೆಲಾಜಿಯಸನ ಉದಾರತತ್ತ್ವವು ದುರ್ಬಲನ ತಲೆಯ ಮೇಲೆ ಪೂರ್ತಿ ಭಾರವನ್ನು ಹೊರಿಸಿ ಪಕ್ಕಕ್ಕೆ ಸರಿಯುತ್ತದೆ.

ತೊಡಕು ಬಂದುದು ಹಸುಗೂಸುಗಳ ವಿಷಯದಲ್ಲಿ. ಕೆಲೆಸ್ತಿಯಸನು ಕಾರ್ಥೇಜಿನಲ್ಲಿ ಪಾದ್ರಿಪದವಿಯನ್ನು ಬಯಸಿದಾಗ, 411ರ ಸುಮಾರಿನಲ್ಲಿ, ಅಲ್ಲಿಯ ಬಿಷಪರ ಸಭೆ ಅವನನ್ನು ವಿಚಾರಣೆಗೆ ಗುರಿಮಾಡಿತು. ಆದಾಮನ ಪಾಪ ಆದಾಮನಿಗೆ ಮಾತ್ರ ಕೇಡು ತಂದಿತು. ಹುಟ್ಟಿದ ಮಗು ಪತನಕ್ಕೆ ಮುಂಚಿನ ಆದಾಮನ ಸ್ಥಿತಿಯಲ್ಲೇ ಇರುತ್ತದೆ—ಇವು ಅವನ ಮೇಲೆ ಹೊರಿಸಿದ ಮತಗಳಲ್ಲಿ ಎರಡು. ಆದರೆ ಪಾಪಪರಿಹಾರಕ್ಕೆಂದೇ ಶಿಶುಗಳಿಗೆ ದೀಕ್ಷಾಸ್ನಾನ ಮಾಡಿಸುವ ಆಚಾರ ಆಫ್ರಿಕದಲ್ಲಿ ಬೇರೂರಿತ್ತು. ಮಗುವಿಗೆ ಯಾವ ಪಾಪ? ಪರಂಪರೆಯಿಂದ ಬಂದ ಪಾಪವೆಂದು ಆಗಸ್ಟೀನನು ಉತ್ತರಿಸಿದನು. ಹಾಗಾದರೆ ದೀಕ್ಷೆಯಿಲ್ಲದೆ ಸತ್ತ ಮಗುವಿನ ಗತಿಯೇನು? ದಂಡನೆಯೇ, ಆದರೆ ಎಲ್ಲಕ್ಕಿಂತ ಸೌಮ್ಯವಾದುದು ಎಂಬ ತೀರ್ಮಾನದಿಂದ ಅವನು ತಪ್ಪಿಸಿಕೊಳ್ಳಲಾಗಲಿಲ್ಲ. ಮನೆಮನೆಯಲ್ಲೂ ಕೂಸುಗಳನ್ನು ಮಣ್ಣುಮಾಡುತ್ತಿದ್ದ ಕಾಲವದು. ತಾಯಂದಿರಿಗೆ ಇದು ತರ್ಕದ ಮಾತಾಗಿರಲಿಲ್ಲ.

ಇಲ್ಲಿ ನಮ್ಮ ಧರ್ಮಶಾಸ್ತ್ರದ ಒಂದು ನ್ಯಾಯ ನೆನಪಾಗುವುದು ಸಹಜ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಗೆ ಮೂಲವಾಗಿ ಹಿಡಿದ ಯಾಜ್ಞವಲ್ಕ್ಯಸ್ಮೃತಿಯಲ್ಲಿ, ತಂದೆಯ ಸಾಲ ಮಗನಿಗೆ ಬರುತ್ತದೆ. ಆದರೆ ಕುಡಿತ, ಕಾಮ, ಜೂಜುಗಳಿಗಾಗಿ ಮಾಡಿದ ಸಾಲವನ್ನೂ ತಂದೆ ತೆರದೆ ಉಳಿಸಿದ ದಂಡವನ್ನೂ ಮಗ ತೀರಿಸಬೇಕಾಗಿಲ್ಲ. ಋಣಕ್ಕೆ ವಾರಸುಂಟು, ಅಪರಾಧಕ್ಕೆ ಇಲ್ಲ. ಪೆಲಾಜಿಯಸನ ಪಕ್ಷದವರು ಕೇಳಿದುದೂ ಹೆಚ್ಚುಕಡಿಮೆ ಇದನ್ನೇ. ಇದು ತಂದೆಯ ದಂಡವಲ್ಲ, ಆದಾಮನಲ್ಲಿ ನಾವೆಲ್ಲರೂ ಇದ್ದು ನಾವೇ ಪಾಪಮಾಡಿದೆವು ಎಂಬುದು ಆಗಸ್ಟೀನನ ಉತ್ತರ. ರೋಮಾಪುರದವರಿಗೆ ಪೌಲನು ಬರೆದ ಪತ್ರದ ಐದನೆಯ ಅಧ್ಯಾಯದ ಹನ್ನೆರಡನೆಯ ವಾಕ್ಯ ಅವನಿಗೆ ಮುಖ್ಯ ಪ್ರಮಾಣ. ಅವನು ಓದಿದ ಲ್ಯಾಟಿನ್ ಅನುವಾದದಿಂದ, ಆ ಒಬ್ಬನಲ್ಲಿ ಎಲ್ಲರೂ ಪಾಪಮಾಡಿದರು ಎಂಬ ಅರ್ಥ ಹೊರಡುತ್ತಿತ್ತು. ಗ್ರೀಕ್ ಮೂಲಕ್ಕೆ, ಎಲ್ಲರೂ ಪಾಪಮಾಡಿದುದರಿಂದ ಎಂದು ಅರ್ಥಮಾಡುವ ವಿದ್ವಾಂಸರೇ ಇಂದು ಹೆಚ್ಚು. ಅವನ ಸಿದ್ಧಾಂತವು ಈ ಒಂದೇ ವಾಕ್ಯದ ಮೇಲೆ ನಿಂತಿರಲಿಲ್ಲವಾದರೂ, ಒಂದು ವಿಭಕ್ತಿಯ ಅರ್ಥದ ಮೇಲೆ ಇಷ್ಟು ಭಾರ ಬಿದ್ದುದು ವಿಚಿತ್ರವೇ ಸರಿ.

ವಿವಾದ ತೀರ್ಮಾನವಾದುದು ವಾದದಿಂದ ಮಾತ್ರವಲ್ಲ. 415ರಲ್ಲಿ ಪ್ಯಾಲೆಸ್ಟೈನಿನ ದಿಯೊಸ್ಪೊಲಿಸಿನಲ್ಲಿ ಸೇರಿದ ಹದಿನಾಲ್ಕು ಬಿಷಪರು ಪೆಲಾಜಿಯಸನನ್ನು ನಿರ್ದೋಷಿಯೆಂದರು. ಮರುವರ್ಷ ಆಫ್ರಿಕದ ಸಭೆಗಳು ಅವನನ್ನು ಖಂಡಿಸಿದವು. ಪೋಪ್ ಇನ್ನೊಸೆಂಟನು ಇವರನ್ನು ಎತ್ತಿಹಿಡಿದು 417ರಲ್ಲಿ ತೀರಿಕೊಂಡನು. ಮುಂದೆ ಬಂದ ಜೊಸಿಮಸನು ಪೆಲಾಜಿಯಸನ ಕಡೆಗೆ ವಾಲಿದನು. ಆಗ 418ರ ಏಪ್ರಿಲ್ 30ರಂದು ರವೆನ್ನದಿಂದ ಸಾಮ್ರಾಟ ಹೊನೊರಿಯಸನ ನಿರೂಪ ಹೊರಟು, ಪೆಲಾಜಿಯಸ್ ಕೆಲೆಸ್ತಿಯಸರನ್ನು ರೋಮಿನಿಂದ ಗಡೀಪಾರು ಮಾಡಿತು. ಮರುದಿನವೇ ಕಾರ್ಥೇಜಿನಲ್ಲಿ ಇನ್ನೂರಕ್ಕೂ ಹೆಚ್ಚು ಬಿಷಪರ ಸಭೆ. ಪೋಪನೂ ಖಂಡನಾಪತ್ರವನ್ನು ಹೊರಡಿಸಿದನು. ಅದಕ್ಕೆ ಸಹಿಹಾಕಲೊಪ್ಪದೆ ಹದಿನೆಂಟು ಮಂದಿ ಇಟಲಿಯ ಬಿಷಪರು ಪದವಿಯನ್ನು ಕಳೆದುಕೊಂಡರು. ಅವರಲ್ಲಿ ಒಬ್ಬನಾದ ಎಕ್ಲಾನಮಿನ ಜೂಲಿಯನನು, ಆಗಸ್ಟೀನನ ಮಿತ್ರ ಅಲಿಪಿಯಸನು ಸೇನಾಧಿಕಾರಿಗಳಿಗೆ ಕೊಡಲೆಂದು ಎಂಬತ್ತು ಕುದುರೆಗಳನ್ನು ಒಯ್ದನೆಂದು ಆರೋಪಿಸಿದನು. ಆಗಸ್ಟೀನನು ಅದನ್ನು ಅಲ್ಲಗಳೆದನು. ಕುದುರೆಗಳ ಮಾತು ಹೇಗೂ ಇರಲಿ, ಜೂಲಿಯನನ ಮತ್ತೊಂದು ಪ್ರಶ್ನೆ ಅಷ್ಟು ಸುಲಭವಾಗಿ ತೀರುವಂತಹುದಲ್ಲ: ಇಚ್ಛಿಸಲಾರದ ಶಿಶುವನ್ನು ಇಚ್ಛೆಯ ಅಪರಾಧಕ್ಕೆ ದಂಡಿಸುವ ದೇವರನ್ನು ನ್ಯಾಯಮೂರ್ತಿಯೆಂದು ಕರೆಯುವುದು ಹೇಗೆ?

ಗೆದ್ದ ಪಕ್ಷದ ಒಳಗೂ ಪ್ರಶ್ನೆ ಎದ್ದಿತು. 426ರ ಸುಮಾರಿನಲ್ಲಿ ಹದ್ರುಮೇತುಮ್ ಮಠದ ಸಂನ್ಯಾಸಿಗಳು ಆಗಸ್ಟೀನನ ಪತ್ರವೊಂದನ್ನು ಓದಿ ಕಲಹಕ್ಕಿಳಿದರು. ಎಲ್ಲವೂ ಕೃಪೆಯಿಂದಲೇ ಆಗುವುದಾದರೆ ಮಠಾಧಿಪತಿಯು ತಪ್ಪುಮಾಡಿದವನನ್ನು ಗದರಿಸುವುದೇಕೆ, ಅವನಿಗಾಗಿ ಪ್ರಾರ್ಥಿಸಿದರೆ ಸಾಲದೆ ಎಂದು ಕೆಲವರು ಕೇಳಿದರು. ಎಪ್ಪತ್ತು ದಾಟಿದ ಆಗಸ್ಟೀನನು ಅವರಿಗಾಗಿ ಎರಡು ಗ್ರಂಥಗಳನ್ನೇ ಬರೆದನು. ಕೃಪೆಯು ಕೆಲಸಮಾಡುವ ಸಾಧನಗಳಲ್ಲಿ ಗದರಿಕೆಯೂ ಒಂದು, ಕೆಟ್ಟವನಾಗಿರುವುದು ಕೆಟ್ಟವನ ದೋಷವೇ ಎಂದು ಹೇಳಿದನು. ಉತ್ತರ ಜಾಣತನದ್ದು, ಮಠಕ್ಕೆ ಸಾಕಾಗಿರಬಹುದು. 430ರಲ್ಲಿ ವ್ಯಾಂಡಲರು ಹಿಪ್ಪೊಗೆ ಮುತ್ತಿಗೆ ಹಾಕಿದ್ದಾಗ ಅವನು ಕಾಲವಾದನು. ಜೂಲಿಯನನಿಗೆ ಬರೆಯುತ್ತಿದ್ದ ಉತ್ತರ ಅರ್ಧಕ್ಕೆ ನಿಂತಿತು.

ಆಗಸ್ಟೀನನು ಒಂದೇ ಗಂಟಾಗಿ ಕಟ್ಟಿದ್ದ ಎರಡು ಮಾತುಗಳನ್ನು—ಮನುಷ್ಯನು ತನ್ನ ಬಲದಿಂದಲೇ ಒಳ್ಳೆಯವನಾಗಲಾರ ಎಂಬುದು, ಹುಟ್ಟುವಾಗಲೇ ಅವನು ಅಪರಾಧಿ ಎಂಬುದು—ಬಿಡಿಸುವುದಕ್ಕೆ ಪಶ್ಚಿಮದ ಕ್ರೈಸ್ತಸಮಾಜಕ್ಕೆ ಬಹುಕಾಲ ಬೇಕಾಯಿತು. 529ರಲ್ಲಿ ಗಾಲ್ ದೇಶದ ಆರೆಂಜ್ ಪಟ್ಟಣದಲ್ಲಿ ಸೇರಿದ ಸಭೆ ಕೃಪೆಯೇ ಮೊದಲೆಂದು ಒಪ್ಪಿ, ಯಾರನ್ನಾದರೂ ದೇವರು ಕೆಡುಕಿಗೇ ನಿಯಮಿಸುತ್ತಾನೆಂಬ ಮತವನ್ನು ಬಹಿಷ್ಕರಿಸಿತು. ಮೂಲಪಾಪವನ್ನು ಮಾತ್ರ ಹಾಗೆಯೇ ಇಟ್ಟುಕೊಂಡಿತು. 1524–25ರಲ್ಲಿ ಎರಾಸ್ಮಸ್ ಮತ್ತು ಲೂಥರರು ಇದೇ ಇಚ್ಛೆಯ ವಿಷಯವಾಗಿ ಪರಸ್ಪರ ಗ್ರಂಥಗಳನ್ನು ಬರೆದರು. ಮಧ್ಯಯುಗದ ಪಂಡಿತರು ಶಿಶುಗಳಿಗಾಗಿ ಯಾತನೆಯಿಲ್ಲದ ಲಿಂಬೊ ಎಂಬ ಲೋಕವನ್ನು ಕಲ್ಪಿಸಿದ್ದರು. 2007ರಲ್ಲಿ ರೋಮಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು, ದೀಕ್ಷೆಯಿಲ್ಲದೆ ಸತ್ತ ಮಕ್ಕಳಿಗೂ ಮುಕ್ತಿಯುಂಟೆಂದು ಆಶಿಸಲು ಬಲವಾದ ಆಧಾರಗಳಿವೆಯೆಂದು ಪ್ರಕಟಿಸಿತು.

ಪೆಲಾಜಿಯಸ್ ಎಲ್ಲಿ ಸತ್ತನೆಂಬುದಕ್ಕೆ ದಾಖಲೆಯಿಲ್ಲ. ಪೌಲನ ಪತ್ರಗಳಿಗೆ ಅವನು ಬರೆದ ವ್ಯಾಖ್ಯಾನವು, ಅವನನ್ನು ಕಟುವಾಗಿ ಖಂಡಿಸಿದ್ದ ಸಂತ ಜೆರೋಮನ ಹೆಸರಿನಲ್ಲಿಯೂ ಪ್ರತಿಯಾಗುತ್ತ ಮಠಗಳ ಭಂಡಾರಗಳಲ್ಲಿ ಉಳಿದಿತ್ತು. ಅಲೆಕ್ಸಾಂಡರ್ ಸೌಟರ್ ಎಂಬ ವಿದ್ವಾಂಸನು ಹಸ್ತಪ್ರತಿಗಳನ್ನು ಹೋಲಿಸಿ, 1922ರಿಂದ 1931ರವರೆಗೆ ಅದನ್ನು ಪೆಲಾಜಿಯಸನ ಹೆಸರಿನಲ್ಲಿಯೇ ಅಚ್ಚುಹಾಕಿಸಿದನು.