ಅಚ್ಚಿನ ಚಾಕೊಲೇಟ್: ಮನೆ ತಯಾರಿಕೆಯ ಇತಿಹಾಸ

ಕರಗಿಸಿದ ಚಾಕೊಲೇಟನ್ನು ಅಚ್ಚಿಗೆ ಹೊಯ್ದು, ಗಟ್ಟಿಯಾದ ಮೇಲೆ ಬಿಡಿಸಿ ತೆಗೆದ ಮಿಠಾಯಿಯೇ ಅಚ್ಚಿನ ಚಾಕೊಲೇಟ್. ಇದರ ಚರಿತ್ರೆಯನ್ನು ಸಾಮಾನ್ಯವಾಗಿ 1847ರಿಂದ, ಬ್ರಿಸ್ಟಲ್‌ನ ಫ್ರೈ ಕಂಪನಿ ತಿನ್ನುವ ಚಾಕೊಲೇಟ್ ಬಾರನ್ನು ಅಚ್ಚಿನಲ್ಲಿ ತಯಾರಿಸಿದಲ್ಲಿಂದ ಆರಂಭಿಸುವುದುಂಟು. ಕಾರ್ಖಾನೆಯ ಚರಿತ್ರೆಗೆ ಈ ಆರಂಭ ಸರಿ. ಅಡುಗೆಮನೆಯ ಚರಿತ್ರೆಗೆ ಸಾಲದು. ಗಟ್ಟಿ ಚಾಕೊಲೇಟ್ ಅದಕ್ಕೂ ಮೊದಲೇ ಇತ್ತು: ಮೆಕ್ಸಿಕೊ, ಸ್ಪೇನ್‌ಗಳಲ್ಲಿ ಅರೆದ ಕೊಕೊವನ್ನು ಬಿಲ್ಲೆ ಕಟ್ಟಿಟ್ಟು, ಬೇಕಾದಾಗ ಕದಡಿ ಕುಡಿಯುತ್ತಿದ್ದರು. ಅಚ್ಚುಗಳಿಗೂ ಬರವಿರಲಿಲ್ಲ. 19ನೇ ಶತಮಾನದಲ್ಲೇ ಪ್ಯಾರಿಸ್‌ನ ಲೆತಾಂಗ್, ಡ್ರೆಸ್ಡೆನ್‌ನ ಆಂಟನ್ ರೈಖೆ ಸಂಸ್ಥೆಗಳು ಮಿಠಾಯಿ ಅಂಗಡಿಗಳಿಗೆ ಲೋಹದ ಅಚ್ಚು ಒದಗಿಸುತ್ತಿದ್ದವು. ಆದರೂ ಈ ಕೆಲಸ ಮನೆಮನೆಯ ಹವ್ಯಾಸವಾದದ್ದು 20ನೇ ಶತಮಾನದ ಉತ್ತರಾರ್ಧದಲ್ಲಿ. ಅದುವರೆಗೆ ತಡೆದು ನಿಲ್ಲಿಸಿದ್ದು ಅಚ್ಚಲ್ಲ, ಕೊಬ್ಬು.

1828ರಲ್ಲಿ ಪೇಟೆಂಟ್ ಪಡೆದ ವಾನ್ ಹೌಟನ್ ಯಂತ್ರ ಕೊಕೊ ಬೆಣ್ಣೆಯನ್ನು ಹಿಂಡಿ ತೆಗೆಯಿತು. ಆ ಬೆಣ್ಣೆಯನ್ನು ಹೆಚ್ಚಾಗಿ ಸೇರಿಸಿದ್ದರಿಂದಲೇ ಚಾಕೊಲೇಟ್ ಅಚ್ಚಿಗೆ ಹೊಯ್ಯುವಷ್ಟು ತೆಳುವಾಯಿತು. ತೊಡಕೂ ಅದರಲ್ಲೇ ಇತ್ತು. ಕೊಕೊ ಬೆಣ್ಣೆ ಆರು ಬಗೆಯ ಹರಳುಗಳಾಗಿ ಹೆಪ್ಪುಗಟ್ಟಬಲ್ಲದೆಂದು 1966ರಲ್ಲಿ ವಿಲ್ ಮತ್ತು ಲಟನ್ ತೋರಿಸಿದರು. ಮಿಠಾಯಿಗೆ ಒಗ್ಗುವುದು ಸುಮಾರು 34 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ಐದನೆಯ ಬಗೆ. ಅದನ್ನು ಪಡೆಯಲು ಕಪ್ಪು ಚಾಕೊಲೇಟನ್ನು 45 ಡಿಗ್ರಿ ದಾಟಿಸಿ ಕರಗಿಸಿ, 27-28ಕ್ಕೆ ಇಳಿಸಿ, ಮತ್ತೆ 31-32ಕ್ಕೆ ಏರಿಸಬೇಕು. ಇದೇ ಟೆಂಪರಿಂಗ್. ಹದ ಸಿಕ್ಕಿದ ಚಾಕೊಲೇಟ್ ಗಟ್ಟಿಯಾಗುತ್ತ ಕೊಂಚ ಕುಗ್ಗಿ ಅಚ್ಚಿನ ಗೋಡೆ ಬಿಡುತ್ತದೆ. ಕವುಚಿ ತಟ್ಟಿದರೆ ಹೊಳೆಯುತ್ತ ಉದುರಿ, ಮುರಿದರೆ ಟಕ್ ಎನ್ನುತ್ತದೆ. ಹದ ತಪ್ಪಿದ್ದು ಅಚ್ಚಿಗೇ ಕಚ್ಚಿಕೊಂಡು, ದಿನ ಕಳೆದಂತೆ ಮೇಲೆ ಬೂದಿ ಬಣ್ಣ ಕಟ್ಟುತ್ತದೆ. ಅಮೃತಶಿಲೆಯ ಮೇಲೆ ಹರಡಿ, ತುಟಿಗೆ ತಾಕಿಸಿ ಈ ಹದ ಅರಿಯುವುದು ಅಂಗಡಿಯಲ್ಲಿ ಪಳಗಿದ ಕೈಗಳ ವಿದ್ಯೆಯಾಗಿತ್ತು.

ಅಚ್ಚಿನ ಕೆಲಸದ ಬಾಗಿಲನ್ನು ಮನೆಯವರಿಗೆ ತೆರೆದದ್ದು ಕಾಂಪೌಂಡ್: ಕೊಕೊ ಬೆಣ್ಣೆಯ ಬದಲು ತಾಳೆಬೀಜದಂಥ ಸಸ್ಯದ ಕೊಬ್ಬು ಹಾಕಿದ ಗಟ್ಟಿ. ಇದಕ್ಕೆ ಟೆಂಪರಿಂಗ್ ಬೇಕಿಲ್ಲ. ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿ ಹೊಯ್ದರಾಯಿತು. ಅಗ್ಗದ ಪ್ಲಾಸ್ಟಿಕ್ ಅಚ್ಚುಗಳೇ ನಿಜವಾದ ಕಾರಣ ಎಂಬ ವಾದವೂ ಇದೆ. ಅವು ನೆರವಾದದ್ದು ನಿಜ. ಆದರೆ ಹದ ತಪ್ಪಿದ ಅಸಲಿ ಚಾಕೊಲೇಟ್ ಪ್ಲಾಸ್ಟಿಕ್ಕಿಗೂ ಕಚ್ಚುತ್ತದೆ. ಬಗ್ಗುವ ಸಿಲಿಕೋನ್ ಅಚ್ಚಿನಿಂದ ಕಿತ್ತು ತೆಗೆಯಬಹುದಾದರೂ ಹೊಳಪು ಬಾರದು. ಕಾಂಪೌಂಡ್ ಚಾಕೊಲೇಟೇ ಅಲ್ಲ, ಈ ಚರಿತ್ರೆಯಲ್ಲಿ ಅದಕ್ಕೇನು ಕೆಲಸ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದುದು. ಹೆಸರಿನ ಮಟ್ಟಿಗೆ ಅದು ಸರಿ. ಯುರೋಪಿನ 2000ದ ನಿರ್ದೇಶನ ಚಾಕೊಲೇಟಿನಲ್ಲಿ ಶೇ. 5ರವರೆಗೆ ಮಾತ್ರ, ಅದೂ ಹೆಸರಿಸಿದ ಆರೇ ಬಗೆಯ ಬೇರೆ ಕೊಬ್ಬಿಗೆ ಅವಕಾಶ ಕೊಟ್ಟಿತು. ನಮ್ಮ ಪಶ್ಚಿಮ ಘಟ್ಟದ ಮುರುಗಲ ಬೀಜದ ಕೊಬ್ಬು ಆ ಆರರಲ್ಲೊಂದು. ಆದರೆ ಪದಾರ್ಥದ ವ್ಯಾಖ್ಯೆ ಬೇರೆ, ಕಸುಬಿನ ಚರಿತ್ರೆ ಬೇರೆ. ಬೇಸಿಗೆಯಲ್ಲಿ 30 ಡಿಗ್ರಿ ದಾಟುವ ಕರಾವಳಿಯ ಅಡುಗೆಮನೆಯಲ್ಲಿ, 31-32 ಡಿಗ್ರಿಗೆ ಹದ ಮಾಡಿದ್ದು ತಾನಾಗಿ ಆರುವುದೇ ಇಲ್ಲ. ಅಲ್ಲಿ ಅಚ್ಚಿನ ಕೆಲಸ ಸಲೀಸಾದದ್ದು ಕಾಂಪೌಂಡಿನಿಂದ. ಇಂದು ಡಿಜಿಟಲ್ ಥರ್ಮಾಮೀಟರ್ ಹಿಡಿದು ಅಸಲಿ ಚಾಕೊಲೇಟನ್ನು ಮನೆಯಲ್ಲೇ ಹದಗೊಳಿಸುವವರಿದ್ದಾರೆ. ಎರಡನ್ನೂ ಬೆರೆಸಿದರೆ ಮಾತ್ರ ಎರಡೂ ಕೆಡುತ್ತವೆ: ಕೊಬ್ಬುಗಳು ಒಂದಕ್ಕೊಂದು ಹೊಂದದೆ ಮಿಠಾಯಿ ಮೆತ್ತಗಾಗುತ್ತದೆ. ಚರಿತ್ರೆ ಬರೆಯುವಾಗಲೂ ಇವೆರಡನ್ನು ಒಂದೇ ಹೆಸರಿನಡಿ ಕಲಸದೆ, ಯಾವುದನ್ನೂ ಬಿಡದೆ, ಎರಡು ದಾರಿಗಳಾಗಿ ದಾಖಲಿಸುವುದು ನ್ಯಾಯ.