ಗುರಿ ಅಭ್ಯಾಸಕ್ಕೆ ಮಿತವ್ಯಯದ ಮದ್ದುಗುಂಡು: ರೈಫಲ್ ಪರವಾನಗಿದಾರರಿಗೆ ಮಾಹಿತಿ

1. ಖರೀದಿ: ಕಾಡತೂಸುಗಳನ್ನು ಅಧಿಕೃತ ಮಾರಾಟಗಾರರಿಂದ ಮಾತ್ರ, ಪರವಾನಗಿಯಲ್ಲಿ ನಮೂದಿಸಿದ ಮಿತಿಯೊಳಗೆ ಖರೀದಿಸತಕ್ಕದ್ದು. ಮಾರಾಟಗಾರರಿಂದ ರಸೀದಿಯನ್ನು ತಪ್ಪದೆ ಪಡೆಯತಕ್ಕದ್ದು.

2. ವೆಚ್ಚ: .315 ಕಾಡತೂಸಿಗಿಂತ .22 ಕಾಡತೂಸಿನ ಬೆಲೆ ಕಡಿಮೆ. ಆದರೆ ಇದನ್ನು .315 ರೈಫಲ್‌ನಲ್ಲಿ ಬಳಸುವಂತಿಲ್ಲ; .22 ರೈಫಲ್‌ಗೂ ಪರವಾನಗಿ ಅವಶ್ಯ.

3. ಪರ್ಯಾಯ: ಆಯುಧ ನಿಯಮಗಳು, 2016ರ ಮೇರೆಗೆ 4.5 ಮಿ.ಮೀ. ಕೊಳವೆ ವ್ಯಾಸವನ್ನೂ 20 ಜೂಲ್ ಶಕ್ತಿಯನ್ನೂ ಮೀರದ ಏರ್ ರೈಫಲ್‌ಗೆ ಪರವಾನಗಿ ಅವಶ್ಯವಿರುವುದಿಲ್ಲ. ನಿಲುವು, ಉಸಿರಾಟದ ಹಿಡಿತ ಹಾಗೂ ಕುದುರೆ ಒತ್ತುವ ರೂಢಿಯನ್ನು ಇದರಲ್ಲಿಯೇ ಅಲ್ಪ ವೆಚ್ಚದಲ್ಲಿ ಸಾಧಿಸಬಹುದು.

4. ಎಚ್ಚರಿಕೆ: ಅಗ್ಗವೆಂದು ಅಕ್ರಮ ಮದ್ದುಗುಂಡು ಹೊಂದುವುದು ಆಯುಧ ಅಧಿನಿಯಮ, 1959ರ 25ನೇ ಪ್ರಕರಣದನ್ವಯ ಶಿಕ್ಷಾರ್ಹ. ರೈಫಲ್ ಪರವಾನಗಿಯು ಬೇಟೆಗೆ ಅನುಮತಿಯಲ್ಲ. ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ 9ನೇ ಪ್ರಕರಣವು ಪಟ್ಟಿಯಲ್ಲಿರುವ ಪ್ರಾಣಿಗಳ ಬೇಟೆಯನ್ನು ನಿಷೇಧಿಸುತ್ತದೆ.